ಸಿನಿಮಾ ಮುಗಿದ ಮೇಲಿನ ಅರ್ಧ ಗಂಟೆ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ತಿಂಗಳ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಮೇಲಿದೆ. ಮಡಿಕೇರಿ ತಾಲ್ಲೂಕಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದಾಗ ಪ್ರತಿ ಜನವರಿಯ ಕೊನೇ ವಾರ ಮಕ್ಕಳಿಗೆ ಸಿನಿಮಾ ತೋರಿಸುತ್ತಿದ್ದೆ ಅಂತ ಹಿಂದೊಮ್ಮೆ ಇಲ್ಲಿ ಬರೆದಿದ್ದೆ. ಹಿಟ್ಲರನ ಕಾಲದಲ್ಲಿ ಯುರೋಪಿನ ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡವನ್ನು, ಹೊಲೊಕಾಸ್ಟ್ ಅನ್ನುತ್ತಾರಲ್ಲ ಅದನ್ನು, ಹೀಗೆ ಮಕ್ಕಳಿಗೆ ತಿಳಿಸುತ್ತಿದ್ದೆ. ಅದಕ್ಕೆ ಪ್ರೀತಿಯಿಂದ ಬರೆದವರಿದ್ದಾರೆ, ಸಿಟ್ಟಿನಿಂದ ಬರೆದವರೂ ಇದ್ದಾರೆ. ಇಬ್ಬರ ಪತ್ರವನ್ನೂ ತಗೊಂಡಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮೂರು ದಿನದ ಸಣ್ಣ ಚಿತ್ರೋತ್ಸವ ಮಾಡಿ, ಸಹನೆ ಅಂತ ವಿಷಯ ಇಟ್ಟುಕೊಳ್ಳಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಹೊಲೊಕಾಸ್ಟ್ ಬಗ್ಗೆ ಸಿನಿಮಾ ಹಾಕಬೇಕು ಅಂತ ನನ್ನ ಆಸೆ. 8ರಿಂದ 10ನೇ ಕ್ಲಾಸಿನ ಮಕ್ಕಳು. ಯಾವುದು ಹಾಕಲಿ? ಹೆದರಿಕೊಂಡರೆ ಏನು ಮಾಡಲಿ? ನಮ್ಮ ಮಕ್ಕಳಲ್ಲಿ ಒಬ್ಬರೂ ಯಹೂದಿಯನ್ನು ಕಣ್ಣಲ್ಲಿ ಕಂಡಿಲ್ಲ.
(ಒಬ್ಬ ಶಿಕ್ಷಕಿ, ನಾಪೋಕ್ಲು)

ಉತ್ತರ: ಮೊದಲು ನನ್ನ ತಪ್ಪು ಹೇಳುತ್ತೇನೆ ಟೀಚರ್. ನಿಮಗೆ ಅದೇ ಜಾಸ್ತಿ ಉಪಯೋಗ ಆಗಬಹುದು.

ಮೊದಲ ವರ್ಷ ನಾನು ಆರಿಸಿದ್ದು ‘ನೈಟ್ ಅಂಡ್ ಫಾಗ್’ ಅನ್ನೋ ಫ್ರೆಂಚ್ ಸಾಕ್ಷ್ಯಚಿತ್ರ. 1956ರಲ್ಲಿ ತೆರೆಗೆ ಬಂದದ್ದು. ಅದನ್ನೇ ಯಾಕೆ ಆರಿಸಿದೆ ಅಂದರೆ ಅದು ಬರೀ 32 ನಿಮಿಷ. ಒಂದು ಪೀರಿಯಡ್‌ನಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಅದರಲ್ಲಿ ಹೆಣಗಳ ರಾಶಿಯನ್ನು ಬುಲ್ಡೋಜರ್ ಗುಂಡಿಗೆ ತಳ್ಳುವ ನಿಜವಾದ ದೃಶ್ಯ ಇದೆ. ಹಿಂದಿನ ಬೆಂಚಿನ ಹುಡುಗರು ನಕ್ಕರು. ನಾನು ಗದರಿಸಿದೆ. 8ನೇ ಕ್ಲಾಸಿನ ಒಬ್ಬಳು ಎರಡು ದಿನ ಊಟ ಮಾಡಲಿಲ್ಲ. ಅವಳ ಅಮ್ಮ ತೋಟದ ಕೆಲಸಕ್ಕೆ ರಜೆ ಹಾಕಿ ಶಾಲೆಗೆ ಬಂದರು. ಜೋರು ಮಾಡಲಿಲ್ಲ. “ಏನು ತೋರಿಸಿದ್ರಿ ಮಿಸ್ ನನ್ನ ಮಗೂಗೆ?” ಅಂತ ಕೇಳಿದರು, ಅಷ್ಟೇ. ಆ ನಗು ಹೆದರಿಕೆಯದು ಅಂತ ನನಗೆ ಅರ್ಥವಾಗಿದ್ದು ತುಂಬಾ ದಿನ ಕಳೆದ ಮೇಲೆ.

ಸಿನಿಮಾದಲ್ಲಿ ತಪ್ಪಿಲ್ಲ. ದೊಡ್ಡವರು ನೋಡಲೇಬೇಕಾದದ್ದು ಅದು. ಆದರೆ ಆ ಗುಂಡಿಯಲ್ಲಿದ್ದವರು ಬದುಕಿದ್ದಾಗ ಏನಾಗಿದ್ದರು, ಯಾವ ಹಾಡು ಹಾಡುತ್ತಿದ್ದರು, ಯಾವ ಸ್ಕೂಲಿಗೆ ಹೋಗುತ್ತಿದ್ದರು ಅಂತ ಒಂದು ಮಾತೂ ಹೇಳದೆ, ಅವರ ಬೆತ್ತಲೆ ಮೈಯನ್ನು ಮಕ್ಕಳ ಮುಂದೆ ಇಟ್ಟುಬಿಟ್ಟೆ. ಸತ್ತವರಿಗೂ ಮರ್ಯಾದೆ ಇದೆ ಅಲ್ವಾ? ಆ ಮೇಲೆ ಹೈಸ್ಕೂಲ್ ಮಕ್ಕಳಿಗೆ ಹೆಣ ತೋರಿಸುವ ಯಾವ ಸಿನಿಮಾವನ್ನೂ ನಾನು ಹಾಕಲಿಲ್ಲ.

ಈಗ ನಿಮ್ಮ ಮೂರು ದಿನಕ್ಕೆ ಬರೋಣ. ದಿನಕ್ಕೆ ಒಂದೇ ಸಿನಿಮಾ. ಬೆಂಗಳೂರಿನ ಚಿತ್ರೋತ್ಸವದಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಒಂದರ ಹಿಂದೆ ಒಂದು ನೋಡುತ್ತಾರೆ, ಅದು ದೊಡ್ಡವರಿಗೆ. ಮಕ್ಕಳಿಗೆ ಸಿನಿಮಾ ಮುಗಿದ ಮೇಲಿನ ಅರ್ಧ ಗಂಟೆಯೇ ಮುಖ್ಯ. ಆ ಅರ್ಧ ಗಂಟೆ ಸಿಗಲ್ಲ ಅಂದರೆ ಸಿನಿಮಾವನ್ನೂ ಹಾಕಬೇಡಿ. ಬೆಳಿಗ್ಗೆಯೇ ಹಾಕಿ. ಸಂಜೆ ಹಾಕಿದರೆ ಹಾಡಿಯ ಮಕ್ಕಳು, ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳು ಅದೇ ಯೋಚನೆಯಲ್ಲಿ ಕತ್ತಲ ದಾರಿ ಹಿಡಿಯಬೇಕು. ಮೊದಲೇ ಆನೆ ಭಯ. ಮಳೆಗಾಲದಲ್ಲಂತೂ ಬೇಡವೇ ಬೇಡ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಹೊಡೆಯುವಾಗ ಪಕ್ಕದವರ ಮಾತೇ ಕೇಳಲ್ಲ.

ಜನವರಿ 27 ಒಳ್ಳೆಯ ದಿನ. 1945ರಲ್ಲಿ ಅವತ್ತೇ ಸೋವಿಯತ್ ಸೈನ್ಯ ಪೋಲೆಂಡಿನ ಆಶ್ವಿಟ್ಜ್ ಅನ್ನುವ, ಹಿಟ್ಲರನ ಪಕ್ಷದ ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಶಿಬಿರವನ್ನು ಬಿಡಿಸಿದ್ದು. ಆ ದಿನವನ್ನು ಹೊಲೊಕಾಸ್ಟ್ ಸ್ಮರಣೆಯ ದಿನ ಅಂತ ವಿಶ್ವಸಂಸ್ಥೆ 2005ರಲ್ಲಿ ಗೊತ್ತು ಮಾಡಿತು. ಹಿಂದಿನ ದಿನ ಗಣರಾಜ್ಯೋತ್ಸವ. ಮಕ್ಕಳು ಸಂವಿಧಾನದ ಪೀಠಿಕೆ ಓದಿರುತ್ತಾರೆ, ಆ ಮಾತುಗಳು ಇನ್ನೂ ಬಾಯಲ್ಲಿರುತ್ತವೆ. ಆದರೆ ಅದು ರೋಬಸ್ಟಾ ಕೊಯ್ಲಿನ ಸಮಯವೂ ಹೌದು. ಹಣ್ಣು ಕುಯ್ಯಲು ಅಮ್ಮನ ಜೊತೆ ಹೋಗುವ ಮಕ್ಕಳು ಇರುತ್ತಾರೆ. ಯಾವ ಮಕ್ಕಳಿಗಾಗಿ ಈ ಪಾಠವೋ ಅವರೇ ಅವತ್ತು ಬರದೆ ಇದ್ದರೆ ಏನು ಬಂತು? ಒಂದು ವಾರ ಮೊದಲೇ ಲೈನ್‌ಮನೆಗಳಿಗೆ ಹೋಗಿ ಹೇಳಿ ಬನ್ನಿ. ತೋಟದ ರೈಟರ್‌ಗೂ ಒಂದು ಮಾತು ಹೇಳಿ.

ನಾನು ಎಷ್ಟೋ ವರ್ಷ ಬಿಡದೆ ತೋರಿಸಿದ್ದು ಒಂದೇ ಸಿನಿಮಾ. ಲೂಯಿ ಮಾಲ್ ಅನ್ನುವ ಫ್ರೆಂಚ್ ನಿರ್ದೇಶಕರು 1987ರಲ್ಲಿ ಮಾಡಿದ್ದು. ಹೆಸರನ್ನು ಕನ್ನಡದಲ್ಲಿ ಹೇಳಬೇಕು ಅಂದರೆ ‘ಹೋಗಿ ಬರ್ತೀನಿ ಮಕ್ಕಳೇ’. ಫ್ರೆಂಚರ ಆ ಮಾತೂ ನಮ್ಮದರ ಹಾಗೇ ಮತ್ತೆ ಸಿಗೋಣ ಅನ್ನುವ ಮಾತು. ನಾವು ‘ಹೋಗ್ತೀನಿ’ ಅನ್ನಲ್ಲವಲ್ಲ, ಹಾಗೆ. 1944ರ ಜನವರಿ. ಜರ್ಮನ್ನರು ಹಿಡಿದುಕೊಂಡಿದ್ದ ಫ್ರಾನ್ಸಿನ ಒಂದು ಬೋರ್ಡಿಂಗ್ ಶಾಲೆ. ಅಲ್ಲಿನ ಪಾದ್ರಿ ಮೂವರು ಯಹೂದಿ ಹುಡುಗರಿಗೆ ಬೇರೆ ಹೆಸರು ಕೊಟ್ಟು ಶಾಲೆಯಲ್ಲಿ ಬಚ್ಚಿಟ್ಟಿರುತ್ತಾರೆ. ಮಾಲ್ ಹುಡುಗನಾಗಿದ್ದಾಗ ಓದಿದ ಶಾಲೆಯಲ್ಲೇ ಇದು ನಿಜವಾಗಿ ನಡೆದಿತ್ತು. ಆ ಹುಡುಗರು ಆಶ್ವಿಟ್ಜ್‌ನಲ್ಲಿ ಸತ್ತರು. ಪಾದ್ರಿ ಬೇರೊಂದು ಶಿಬಿರದಲ್ಲಿ ಸವೆದು, ಬಿಡುಗಡೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡರು.

ಸಿನಿಮಾದಲ್ಲಿ ಒಂದೂ ಹೆಣ ಇಲ್ಲ, ವಿಷಗಾಳಿ ಬಿಟ್ಟು ಕೊಲ್ಲುವ ಗ್ಯಾಸ್ ಕೋಣೆ ಇಲ್ಲ. ಚಳಿ, ಜಗಳ, ಪಿಯಾನೋ ಕ್ಲಾಸು, ಜಾಮ್ ಬಾಟಲಿ, ಹಾಸಿಗೆ ಒದ್ದೆ ಮಾಡಿಕೊಳ್ಳುವ ಹುಡುಗ. ನಮ್ಮ ಹಾಸ್ಟೆಲ್ ಮಕ್ಕಳಿಗೆ ಅದು ತಮ್ಮದೇ ಕಥೆ ಅನ್ನಿಸುತ್ತೆ. ಕೊನೆಗೆ ನಾಜಿ ಪೊಲೀಸ್ ಕ್ಲಾಸಿಗೆ ಬಂದು, ಇಲ್ಲಿ ಯಹೂದಿ ಯಾರು ಅಂತ ಹುಡುಕುತ್ತಾನೆ. ಆಗ ಕಥೆಯ ಹುಡುಗ, ಬೇಕು ಅಂತಲ್ಲ, ಒಂದು ಕ್ಷಣ ತನ್ನ ಗೆಳೆಯನ ಕಡೆ ತಿರುಗಿ ನೋಡಿಬಿಡುತ್ತಾನೆ. ಆ ಒಂದು ನೋಟ ಸಾಕಾಗುತ್ತೆ.

ಒಂದು ವರ್ಷ ಇದನ್ನು 9ನೇ ಕ್ಲಾಸಿಗೆ ತೋರಿಸಿ ಲೈಟು ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಡ್ಡಹೆಸರಿನ ಬಗ್ಗೆ ಮಾತು ತೆಗೆಯೋಣ ಅಂತ ನಾನು ಸುಮ್ನೆ ಕೇಳಿದೆ: “ನಮ್ಮ ಕ್ಲಾಸಲ್ಲಿ ಯಾರನ್ನಾದರೂ ಅವರ ಹೆಸರಲ್ಲದ ಹೆಸರಲ್ಲಿ ಕರೀತೀರಾ?” ನಲವತ್ತು ತಲೆಗಳು ಒಟ್ಟಿಗೆ ಕೊನೇ ಬೆಂಚಿನ ಕಡೆ ತಿರುಗಿದವು. ಅಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗಳು ಕೂತಿದ್ದಳು. ಅವಳನ್ನು ಎಲ್ಲರೂ ‘ಬಾಂಗ್ಲಾ’ ಅಂತ ಕರೆಯುತ್ತಿದ್ದರು. ವರ್ಷವಿಡೀ ಅದೇ ಕ್ಲಾಸಲ್ಲಿ ಪಾಠ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ.

ಮುಂದಿನ ಬೆಂಚಿನ ಒಬ್ಬ ಹುಡುಗ ನಿಧಾನಕ್ಕೆ ಹೇಳಿದ. “ಮಿಸ್, ನಾವೂ ನೋಡಿಬಿಟ್ವಿ.”

ಆ ಹುಡುಗಿಯನ್ನು ನಾನು ಎದ್ದು ನಿಲ್ಲಿಸಲಿಲ್ಲ. ಅವಳ ಹತ್ತಿರ ಕ್ಷಮೆ ಕೇಳಿ ಅಂತ ಕ್ಲಾಸಿಗೆ ಹೇಳಲೂ ಇಲ್ಲ. ಎಲ್ಲರ ಮುಂದೆ ಕ್ಷಮೆ ಕೇಳಿಸಿಕೊಳ್ಳುವುದೂ ಒಂದು ಹಿಂಸೆ. ಪಾತ್ರೆ ತೊಳೆಯುವ ನಲ್ಲಿ ಹತ್ತಿರ ಮಧ್ಯಾಹ್ನ ಸಿಕ್ಕಿದಳು. “ಆ ಹುಡುಗನಿಗೆ ಫ್ರೆಂಡ್ ಮೇಲೆ ಸಿಟ್ಟು ಬರಲಿಲ್ವಾ ಮಿಸ್?” ಅಂತ ಕೇಳಿದಳು. ಸಿನಿಮಾದಲ್ಲಿ ಅವನೇ ಗೆಳೆಯನಿಗೆ ಸಮಾಧಾನ ಹೇಳುತ್ತಾನೆ, ಬರಲಿಲ್ಲ ಅಂತ ಕಾಣುತ್ತೆ ಅಂದೆ. ಅವಳು ತಟ್ಟೆ ಒರೆಸುತ್ತಾ, “ನಂಗೆ ಬರುತ್ತೆ” ಅಂದಳು. ಅವಳ ಮಾತು ಸರಿ. ಅವಳಿಗೆ ಸಿಟ್ಟು ಬರಬೇಕು. ಮಾರನೇ ದಿನದಿಂದ ಹಾಜರಿ ಕರೆಯುವಾಗ ಅವಳ ಹೆಸರನ್ನು ನಾನು ಪೂರ್ತಿಯಾಗಿ ಕರೆದೆ. ಅದಕ್ಕೆ ಮೊದಲು ಅದನ್ನು ಸರಿಯಾಗಿ ಉಚ್ಚರಿಸುವುದು ಹೇಗೆ ಅಂತ ಅವಳನ್ನೇ ಕೇಳಿಕೊಂಡೆ.

ಆದ್ದರಿಂದ ಟೀಚರ್, ‘ಯಹೂದಿಯನ್ನು ಕಂಡಿಲ್ಲ’ ಅನ್ನುವುದು ದೊಡ್ಡ ಅಡ್ಡಿ ಅಲ್ಲ. ಮಕ್ಕಳು ಕಾಣಬೇಕಾದವರು ಅವರ ಹಿಂದಿನ ಬೆಂಚಿನಲ್ಲೇ ಇರುತ್ತಾರೆ. ಹಾಗಂತ ಯಹೂದಿಗಳನ್ನು ಬರೀ ಪಾಠದ ನೆಪ ಮಾಡಿಕೊಳ್ಳುವುದೂ ಸರಿಯಲ್ಲ. ಅವರು ನಮ್ಮ ನೆರೆಯವರೂ ಆಗಿದ್ದರು. ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಯಹೂದಿ ಮಂದಿರ ಇದೆ. ನೂರಾರು ವರ್ಷ ಅವರು ಅಲ್ಲಿ ನೆಮ್ಮದಿಯಾಗಿ ಬದುಕಿದ್ದರು. ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ನಮ್ಮ ಶಾಲೆಗಳ ಕೇರಳ ಟೂರ್ ಬೋಟು, ಬೀಚು, ಮಾಲು ನೋಡಿ ವಾಪಸ್ ಬರುತ್ತೆ. ಆ ಮಂದಿರಕ್ಕೂ ಒಂದು ಗಂಟೆ ಇಡಿ.

ಸಿನಿಮಾಕ್ಕೆ ಮೊದಲು ಒಂದು ಪೀರಿಯಡ್ ಚರಿತ್ರೆ ಮಾಡಿ. ಗ್ಯಾಸ್ ಕೋಣೆಯಿಂದ ಶುರು ಮಾಡಬೇಡಿ, ಯಾಕೆಂದರೆ ಅದು ಅಲ್ಲಿಂದ ಶುರುವಾಗಲಿಲ್ಲ. 1933ರ ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಮುಂದೆ ಆಳು ನಿಲ್ಲಿಸಿದರು, ಇಲ್ಲಿ ಕೊಳ್ಳಬೇಡಿ ಅಂತ. 1935ರಲ್ಲಿ ಪೌರತ್ವ ಕಿತ್ತುಕೊಂಡು, ಯಾರು ಯಾರನ್ನು ಮದುವೆಯಾಗಬಹುದು ಅಂತ ಕಾನೂನು ಮಾಡಿದರು. 1938ರ ನವೆಂಬರಿನಲ್ಲಿ ಒಂದೇ ರಾತ್ರಿ ನೂರಾರು ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಅದೇ ತಿಂಗಳು ಯಹೂದಿ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಹೊರಗೆ ಹಾಕಿದರು. ಕೊಲ್ಲುವ ಶಿಬಿರಗಳು ಬಂದದ್ದು ಇಷ್ಟೆಲ್ಲ ಆದ ಮೇಲೆ. ನಮ್ಮ ಮಕ್ಕಳಿಗೆ ಶಿಬಿರ ಗೊತ್ತಿಲ್ಲ. ಅಂಗಡಿ ಗೊತ್ತು, ಬೆಂಚು ಗೊತ್ತು, ಶಾಲೆ ಗೊತ್ತು.

ಸತ್ತ ಯಹೂದಿಗಳು 60 ಲಕ್ಷ. ಬೋರ್ಡ್ ಮೇಲೆ ಬರೆದರೆ ಅದು ಬರೀ ಸೊನ್ನೆಗಳು. 2011ರ ಜನಗಣತಿಯಲ್ಲಿ ನಮ್ಮ ಇಡೀ ಕೊಡಗಿನ ಜನ 5,54,519. ಭಾಗಮಂಡಲದಿಂದ ಕುಶಾಲನಗರ, ಕುಟ್ಟದಿಂದ ಶನಿವಾರಸಂತೆ ತನಕ ಎಲ್ಲ ಮನೆ ಖಾಲಿಯಾದರೂ ಅದರ ಹತ್ತನೇ ಒಂದು ಪಾಲು ಆಗಲ್ಲ. ಇದನ್ನು ಹೇಳಿದಾಗ ಮಕ್ಕಳು ಸುಮ್ಮನಾಗುತ್ತಾರೆ. ಒಬ್ಬ ಟೀಚರ್ ನನಗೆ, ಕಾಫಿ ಬೀಜ ಎಣಿಸಿ ತೋರಿಸೋಣ ಅಂದಿದ್ದರು. ಅಮೆರಿಕದ ಟೆನೆಸಿಯಲ್ಲಿ ವಿಟ್‌ವೆಲ್ ಅನ್ನುವ ಗಣಿ ಊರಿನ ಶಾಲೆ 1998ರಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ಒಂದೊಂದು ಪೇಪರ್ ಕ್ಲಿಪ್ ಕೂಡಿಸಲು ಹೊರಟಿತು. ಆ ಕಥೆಯ ಸಾಕ್ಷ್ಯಚಿತ್ರ ‘ಪೇಪರ್ ಕ್ಲಿಪ್ಸ್’ 2004ರದ್ದು. ಅದನ್ನು ನಿಮ್ಮ 8ನೇ ಕ್ಲಾಸಿಗೆ ಧಾರಾಳವಾಗಿ ತೋರಿಸಿ. ಸಣ್ಣ ಊರಿನ ಮಕ್ಕಳು ದೊಡ್ಡ ಕೆಲಸ ಮಾಡಿದ್ದು ನಮ್ಮ ಮಕ್ಕಳಿಗೂ ಧೈರ್ಯ. ಆದರೆ ಬೀಜ ಎಣಿಸುವುದು ನನಗೆ ಒಗ್ಗಲಿಲ್ಲ. ನಾನು ಒಂದು ಮಗುವಿಗೆ ಒಂದು ಹೆಸರು ಕೊಟ್ಟೆ. ಆ ಹೆಸರಿನ ಮಗು ಎಲ್ಲಿ ಹುಟ್ಟಿತು, ಯಾವಾಗ ಹೋಯಿತು ಅಂತ ಒಂದೇ ಸಾಲು ಓದಲು ಹೇಳಿದೆ. ಯಾದ್ ವಶೇಮ್ ಅಂತ ಜೆರುಸಲೇಮಿನಲ್ಲಿ 1953ರಲ್ಲಿ ಕಟ್ಟಿದ ಸ್ಮಾರಕ ಸಂಸ್ಥೆ ಇದೆ. ಸತ್ತವರ ಹೆಸರುಗಳನ್ನು ಅವರು ಕೂಡಿಸಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ.

ಮೂರನೇ ದಿನಕ್ಕೆ ಚಾಪ್ಲಿನ್ 1940ರಲ್ಲಿ ಮಾಡಿದ ‘ದಿ ಗ್ರೇಟ್ ಡಿಕ್ಟೇಟರ್’ ಹಾಕಿ. ಮಕ್ಕಳು ನಗಲಿ. ಶಿಬಿರಗಳ ಪೂರ್ತಿ ಸತ್ಯ ಗೊತ್ತಿದ್ದರೆ ಆ ಸಿನಿಮಾ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಅಂತ ಚಾಪ್ಲಿನ್ ಆಮೇಲೆ ಬರೆದುಕೊಂಡರು. ಅದನ್ನೂ ಮಕ್ಕಳಿಗೆ ಹೇಳಿ.

ಪಟ್ಟೆ ಅಂಗಿಯ ಹುಡುಗನ ಸಿನಿಮಾ, 2008ರದ್ದು, ಎಲ್ಲ ಟೀಚರ್‌ಗಳೂ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬೇಲಿಯ ಆಚೆ ಈಚೆ ಕೂತು ಇಬ್ಬರು ಹುಡುಗರು ದಿನಾ ಮಾತಾಡುವುದು ಆಶ್ವಿಟ್ಜ್‌ನಲ್ಲಿ ಆಗದ ಮಾತು. ಅಲ್ಲಿಗೆ ಬಂದ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ದಿನವೇ ಕೊಂದರು. ಮಕ್ಕಳು ಕೊನೆಗೆ ಅಳುವುದು ಶಿಬಿರದ ಅಧಿಕಾರಿಯ ಮಗನಿಗಾಗಿ. ಈ ಚರಿತ್ರೆ ಓದುವವರು, ಕಲಿಸುವವರು ಆ ಸಿನಿಮಾದ ಮೂಲ ಕಾದಂಬರಿಯನ್ನು ದೂರ ಇಡುವುದು ಒಳ್ಳೆಯದು ಅಂತ ಆಶ್ವಿಟ್ಜ್ ಮ್ಯೂಸಿಯಂನವರೇ 2020ರಲ್ಲಿ ಹೇಳಿದ್ದಾರೆ.

ಇನ್ನೊಂದು. ನಾಜಿಗಳು ಯಹೂದಿಗಳಿಗೆ ಬಲವಂತವಾಗಿ ತೊಡಿಸುತ್ತಿದ್ದ ಹಳದಿ ನಕ್ಷತ್ರವನ್ನು ಮಕ್ಕಳ ಎದೆಗೆ ಅಂಟಿಸಿ, ನೀನು ನಾಜಿ, ನೀನು ಯಹೂದಿ ಅಂತ ನಾಟಕ ಆಡಿಸಬೇಡಿ. ದಯವಿಟ್ಟು ಬೇಡ. ಆ ನೋವು ಹತ್ತು ನಿಮಿಷದ ಆಟದಲ್ಲಿ ತಿಳಿಯುವಂಥದ್ದಲ್ಲ. ಹೊಡೆಯುವ ಪಾತ್ರ ಸಿಕ್ಕ ಮಗುವಿಗೆ ಅದು ಖುಷಿ ಕೊಟ್ಟರೂ ಕೊಡಬಹುದು.

ಭಾಷೆಯ ಚಿಂತೆ ಬೇಡ. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದುತ್ತಾ ಕೂತರೆ ನಮ್ಮ ಮಕ್ಕಳು ಮುಖ ನೋಡುವುದೇ ಇಲ್ಲ. ಪರದೆಯ ಪಕ್ಕ ನಿಂತು ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಮೂರು ಸಲ ಮನೆಯಲ್ಲಿ ನೋಡಿ ಮಾತು ಬರೆದಿಟ್ಟುಕೊಳ್ಳಿ. ಆ ಒಂದು ನೋಟದ ದೃಶ್ಯ ಬಂದಾಗ ಮಾತ್ರ ಏನೂ ಹೇಳಬೇಡಿ.

ಪ್ರಶ್ನೆ: ಟೀಚರ್, ನಿಮ್ಮ ಮೇಲೆ ಗೌರವ ಇದೆ, ಆದರೂ ಕೇಳುತ್ತೇನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಕೊಡಗಿನ ದೇವಟ್ಟಿಪರಂಬಿನಲ್ಲಿ ನಮ್ಮ ಕೊಡವ ಹಿರಿಯರಿಗೆ ಏನಾಯಿತು ಅಂತ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಯಾವುದೋ ದೇಶದವರ ನೋವು ನಮಗ್ಯಾಕೆ?
(ಇಬ್ಬರು ಮಕ್ಕಳ ತಂದೆ, ವಿರಾಜಪೇಟೆ)

ಉತ್ತರ: ನಾನೂ ಕೊಡವ ಮನೆಯವಳೇ. ಟಿಪ್ಪುವಿನ ಸೈನ್ಯ ಬಂದದ್ದು, ಜನರನ್ನು ಹಿಡಿದುಕೊಂಡು ಹೋದದ್ದು, ಇದನ್ನೆಲ್ಲ ಒಲೆ ಮುಂದೆ ಕೂತು ಅವ್ವನ ಬಾಯಲ್ಲಿ ಕೇಳಿ ಬೆಳೆದವಳು. ಅದನ್ನು ಮರೆಯಿರಿ ಅಂತ ನಾನು ಯಾರಿಗೂ ಹೇಳುವವಳಲ್ಲ. ದೇವಟ್ಟಿಪರಂಬಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಾನೂ ಹೋಗಿ ದೀಪ ಹಚ್ಚಿ ಬಂದಿದ್ದೇನೆ.

ಆದರೆ 2015ರ ನವೆಂಬರ್ 10 ನಿಮಗೂ ನೆನಪಿದೆ. ಮಡಿಕೇರಿಯಲ್ಲಿ ಟಿಪ್ಪು ಜಯಂತಿ ದಿನ ಗಲಾಟೆಯಾಗಿ ಜೀವ ಹೋಯಿತು. ಶಾಲೆ ಮತ್ತೆ ತೆರೆದಾಗ ನನ್ನ ಕ್ಲಾಸಿನಲ್ಲಿ ಬೆಂಚುಗಳು ಬದಲಾಗಿದ್ದವು. ಅಲ್ಲಿ ತನಕ ಜೊತೆಗೆ ಕೂರುತ್ತಿದ್ದ ಇಬ್ಬರು ಹುಡುಗರು ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದರು. ಒಬ್ಬನ ಮನೆಯಲ್ಲಿ ಏನು ಹೇಳಿದ್ದರೋ, ಇನ್ನೊಬ್ಬನ ಮನೆಯಲ್ಲಿ ಏನು ಹೇಳಿದ್ದರೋ. ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ರಾಜನ ಲೆಕ್ಕವನ್ನು 14 ವರ್ಷದ ಒಬ್ಬ ಹುಡುಗನ ತಲೆಗೆ ಕಟ್ಟಿದ್ದೆವು. ಅದನ್ನು ನೋಡಿದ ಮೇಲೆ ನನಗೆ ಒಂದು ಪ್ರಶ್ನೆ ಕಾಡತೊಡಗಿತು. ನೆನಪು ಇಟ್ಟುಕೊಳ್ಳುವುದು ಹೇಗೆ, ಪಕ್ಕದ ಬೆಂಚಿನವನನ್ನು ಕಳೆದುಕೊಳ್ಳದೆ?

ಹೊಲೊಕಾಸ್ಟ್ ಪಾಠಕ್ಕೆ ನಾನು ಹೋದದ್ದು ಇದಕ್ಕೇ. ಜರ್ಮನ್ನರು ತಾವೇ ಮಾಡಿದ್ದನ್ನು ತಮ್ಮ ಮಕ್ಕಳಿಗೆ ಕಲಿಸುತ್ತಾರೆ. ನೀನು ಅಪರಾಧಿ ಅಂತಲ್ಲ, ಇದು ನಿನಗೆ ಗೊತ್ತಿರಬೇಕು ಅಂತ. ಗುಂಟರ್ ಡೆಮ್ನಿಗ್ ಅನ್ನುವ ಜರ್ಮನ್ ಕಲಾವಿದರು 1990ರ ದಶಕದಿಂದ ಹಿತ್ತಾಳೆ ತಗಡು ಹೊದಿಸಿದ ಅಂಗೈ ಅಗಲದ ಕಲ್ಲುಗಳನ್ನು ಊರೂರಿನ ರಸ್ತೆ ಬದಿಯಲ್ಲಿ ಕೂರಿಸುತ್ತಾ ಬಂದಿದ್ದಾರೆ. ಈ ಮನೆಯಲ್ಲಿ ಇಂಥವರು ವಾಸವಿದ್ದರು, ಇಂಥ ವರ್ಷ ಹಿಡಿದು ಒಯ್ದರು, ಇಂಥ ಕಡೆ ಕೊಂದರು ಅಂತ ಅದರಲ್ಲಿ ಬರೆದಿರುತ್ತೆ. ಈಗ ಯುರೋಪಿನಲ್ಲಿ ಅಂಥ ಒಂದು ಲಕ್ಷಕ್ಕೂ ಜಾಸ್ತಿ ಕಲ್ಲುಗಳಿವೆ. ಓದಬೇಕು ಅಂದರೆ ತಲೆ ಬಗ್ಗಿಸಬೇಕು. ಆ ಮನೆಯಲ್ಲಿ ಈಗ ಇರುವವರನ್ನು ಬೈಯುವ ಒಂದು ಅಕ್ಷರವೂ ಅದರಲ್ಲಿಲ್ಲ.

ಅವರ ನೋವು ದೊಡ್ಡದಾ, ನಮ್ಮದು ದೊಡ್ಡದಾ ಅಂತ ತಕ್ಕಡಿ ಹಿಡಿಯಬೇಡಿ. ನೋವನ್ನು ತೂಗಲು ಹೊರಟರೆ ಎರಡು ಕಡೆಯ ಸತ್ತವರಿಗೂ ಅವಮಾನ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಪರಿಹಾರ ಕೇಂದ್ರದಲ್ಲಿ ನಾನು ಅನ್ನ ಬಡಿಸಿದ್ದೇನೆ. ಸಾಲಿನಲ್ಲಿ ಯಾರು ಯಾರ ಹಿಂದೆ ನಿಂತಿದ್ದರು ಅಂತ ನೀವೂ ನೋಡಿರುತ್ತೀರಿ.

ಪ್ರಶ್ನೆ: ನನ್ನ ಮಗ 10ನೇ ಕ್ಲಾಸು. ಭಾಷಣ ಸ್ಪರ್ಧೆಗೆ ‘ನನ್ನ ಆದರ್ಶ ಹಿಟ್ಲರ್’ ಅಂತ ಬರೆದಿದ್ದಾನೆ. ಶಿಸ್ತು, ದೇಶಪ್ರೇಮ ಅಂತಾನೆ. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಪುಸ್ತಕವನ್ನೂ ತಂದಿದ್ದಾನೆ. ಒಳ್ಳೆಯ ಹುಡುಗ, ಮಾತು ಬಾರದ ತಂಗಿಯನ್ನು ಕಂಡರೆ ಪ್ರಾಣ. ಹೇಗೆ ಹೇಳಲಿ?
(ಒಬ್ಬ ತಾಯಿ, ಸೋಮವಾರಪೇಟೆ)

ಉತ್ತರ: ಬೈಯಬೇಡಿ ಅಮ್ಮಾ. ತಪ್ಪು ಅವನೊಬ್ಬನದೇ ಅಲ್ಲ. ಜೋರಿನ ಮೇಷ್ಟ್ರಿಗೆ ‘ಹಿಟ್ಲರ್’ ಅಂತ ಅಡ್ಡಹೆಸರು ಇಟ್ಟು ನಗುವವರು ನಾವೇ. ಆ ಹೆಸರಿನ ಹಿಂದೆ ಏನಿದೆ ಅಂತ ಮಕ್ಕಳಿಗೆ ಯಾರೂ ಹೇಳಲಿಲ್ಲ.

ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30. ಎರಡು ತಿಂಗಳೊಳಗೆ ಡಾಕಾವ್ ಶಿಬಿರ ತೆರೆಯಿತು. ಜುಲೈ ಹೊತ್ತಿಗೆ ದೇಶದಲ್ಲಿ ಅವನದು ಬಿಟ್ಟು ಬೇರೆ ಪಕ್ಷವೇ ಇರಲಿಲ್ಲ. ಅದೇ ಜುಲೈಯಲ್ಲಿ ಇನ್ನೊಂದು ಕಾನೂನು ಬಂತು. ಹುಟ್ಟು ಕಿವುಡರು, ಮೂರ್ಛೆ ರೋಗದವರು, ಬುದ್ಧಿ ಬೆಳೆಯದವರು ಮಕ್ಕಳನ್ನು ಹೆರಬಾರದು ಅಂತ ಬಲವಂತವಾಗಿ ಆಪರೇಷನ್ ಮಾಡಿಸುವ ಕಾನೂನು. ಸುಮಾರು 4 ಲಕ್ಷ ಜನರಿಗೆ ಹಾಗೆ ಮಾಡಿದರು. 1939ರಿಂದ ಅಂಗವಿಕಲರನ್ನು, ಮಾನಸಿಕ ಕಾಯಿಲೆಯವರನ್ನು ಕೊಲ್ಲಲು ಶುರು ಮಾಡಿದರು, ಮೊದಲು ಮಕ್ಕಳನ್ನು. ಕೊಂದದ್ದು ಡಾಕ್ಟರುಗಳು, ನರ್ಸುಗಳು. ಸತ್ತವರು ಎರಡು ಲಕ್ಷಕ್ಕೂ ಜಾಸ್ತಿ. ಅಮ್ಮಂದಿರಿಗೆ ನ್ಯುಮೋನಿಯಾ ಅಂತೆಲ್ಲ ಸುಳ್ಳು ಕಾಗದ ಹೋಗುತ್ತಿತ್ತು.

ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ. ತಂಗಿಯ ಹೆಸರು ಎತ್ತಬೇಡಿ. ಅವನೇ ಎತ್ತುತ್ತಾನೆ.

ಸಿನಿಮಾದ ಬಗ್ಗೆಯೂ ಒಂದು ಮಾತು ಹೇಳಿ. ಸಿನಿಮಾದ ಶಕ್ತಿ ನಾಜಿಗಳಿಗೂ ಚೆನ್ನಾಗಿ ಗೊತ್ತಿತ್ತು. ಯಹೂದಿಗಳನ್ನು ಕೆಟ್ಟವರು ಅಂತ ತೋರಿಸುವ ಕಥೆಯ ಸಿನಿಮಾ 1940ರಲ್ಲಿ ಮಾಡಿದರು. ಸುಮಾರು 2 ಕೋಟಿ ಜನ ನೋಡಿದರು. ಪೊಲೀಸರು, ಎಸ್‌ಎಸ್ ಅನ್ನುವ ನಾಜಿ ಪಡೆಯವರು ನೋಡಲೇಬೇಕು ಅಂತ ಆ ಪಡೆಯ ಮುಖ್ಯಸ್ಥ ಹಿಮ್ಲರ್ ಆಜ್ಞೆ ಹೊರಡಿಸಿದ. ನೋಡಿದವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಸಂಸಾರದ ಜೊತೆ ಟಾಕೀಸಿಗೆ ಹೋದವರೇ. ಪರದೆಯ ಮೇಲೆ ಒಂದು ಜನವನ್ನೆಲ್ಲ ಕೆಟ್ಟವರು ಅಂತ ತೋರಿಸಿದರೆ, ಅದು ಯಾವ ಭಾಷೆಯ ಸಿನಿಮಾ ಆಗಲಿ, ನಿಮ್ಮ ಮಗ ಅಲ್ಲಿ ನಿಂತು ಯೋಚಿಸುವ ಹಾಗಾಗಬೇಕು.

ಪ್ರಶ್ನೆ: ಸಿನಿಮಾ ನೋಡಿ ಬಂದ ಮಗಳು ದೇವರ ಮನೆಯ ಸ್ವಸ್ತಿಕ ಅಳಿಸಲಾ ಅಂತ ಕೇಳುತ್ತಿದ್ದಾಳೆ.
(ಓದುಗರು, ಮಡಿಕೇರಿ)

ಉತ್ತರ: ಅಳಿಸುವುದು ಬೇಡ. ನಮ್ಮ ಸ್ವಸ್ತಿಕ ಸಾವಿರಾರು ವರ್ಷದ್ದು, ಒಳ್ಳೆಯದಾಗಲಿ ಅನ್ನುವ ಗುರುತು. ನಾಜಿಗಳು 1920ರಲ್ಲಿ ತಮ್ಮ ಬಾವುಟಕ್ಕೆ ಹಾಕಿಕೊಂಡದ್ದು ಓರೆ ಮಾಡಿದ ಕಪ್ಪು ಗುರುತು, ಬಿಳಿ ವೃತ್ತ, ಕೆಂಪು ಬಟ್ಟೆ. ಅವರ ಭಾಷೆಯಲ್ಲಿ ಅದಕ್ಕೆ ಕೊಕ್ಕೆ ಶಿಲುಬೆ ಅನ್ನುವ ಅರ್ಥದ ಹೆಸರು. ಆದರೆ ಅದನ್ನು ನೋಡಿದರೆ ಮೈ ನಡುಗುವ ಜನ ಇವತ್ತಿಗೂ ಇದ್ದಾರೆ ಅಂತಲೂ ಮಗಳಿಗೆ ಹೇಳಿ. ಕೇಳಿದ್ದಾಳಲ್ಲ, ಅವಳ ಮನಸ್ಸು ಒಳ್ಳೆಯದು.

ಪ್ರಶ್ನೆ: ಗಾಜಾದಲ್ಲಿ ಮಕ್ಕಳು ಸಾಯುತ್ತಿರುವಾಗ ಯಹೂದಿಗಳ ಕಥೆ ತೋರಿಸುವುದು ಯಾವ ನ್ಯಾಯ?
(ಡಿಗ್ರಿ ವಿದ್ಯಾರ್ಥಿ, ಸುಂಟಿಕೊಪ್ಪ)

ಉತ್ತರ: ನಿನ್ನ ಸಂಕಟ ನನಗೆ ಅರ್ಥವಾಗುತ್ತೆ ಮಗಾ. ಗಾಜಾದ ಮಕ್ಕಳ ಫೋಟೋ ನೋಡಿ ನಾನೂ ಅತ್ತಿದ್ದೇನೆ. 2023ರ ಅಕ್ಟೋಬರ್ 7ರಂದು ಸತ್ತ ಇಸ್ರೇಲಿಗಳ ಮನೆಯ ಅಳುವೂ ಅಳುವೇ. ಆದರೆ ಇಸ್ರೇಲ್ ದೇಶ ಹುಟ್ಟಿದ್ದು 1948ರಲ್ಲಿ. 1944ರಲ್ಲಿ ಒಂದು ಶಾಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಹುಡುಗ ಇವತ್ತಿನ ಯಾವ ಸರಕಾರದ ಲೆಕ್ಕಕ್ಕೂ ಬರಲ್ಲ. ಅವನಿಗಾಗಿ ಮರುಗಿದರೆ ಗಾಜಾದ ಮಗುವಿಗೆ ಮರುಕ ಕಡಿಮೆ ಬೀಳಲ್ಲ.

ಅಲ್ಬೇನಿಯಾದ ಕಥೆ ಓದು. ಅಲ್ಲಿ ಹೆಚ್ಚಿನವರು ಮುಸ್ಲಿಮರು. ಅವರಲ್ಲಿ ‘ಬೇಸಾ’ ಅಂತ ಒಂದು ಕಟ್ಟು, ಅಂದರೆ ಕೊಟ್ಟ ಮಾತು. ಮನೆಗೆ ಬಂದವನನ್ನು ಬಿಟ್ಟುಕೊಡುವ ಹಾಗಿಲ್ಲ. ಓಡಿ ಬಂದ ಯಹೂದಿಗಳನ್ನು ಅವರು ತಮ್ಮ ಬಟ್ಟೆ ತೊಡಿಸಿ, ತಮ್ಮ ಹೆಸರಿಟ್ಟು ಕಾಪಾಡಿದರು. ಯುದ್ಧ ಮುಗಿದಾಗ ಅಲ್ಲಿ ಯಹೂದಿಗಳು ಮೊದಲಿಗಿಂತ ಜಾಸ್ತಿಯೇ ಇದ್ದರು. ನಿಮ್ಮ ಕಾಲೇಜಿನಲ್ಲಿ ಸಿನಿಮಾ ಹಾಕಿದರೆ ಈ ಪ್ರಶ್ನೆಯನ್ನು ಎದ್ದು ನಿಂತು ಕೇಳು. ಕೇಳಲು ಬಿಡದ ಕಡೆ ಸಹನೆಯ ಉತ್ಸವ ಮಾಡಿ ಏನು ಪ್ರಯೋಜನ?

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಊರವರಿಗೆಲ್ಲ ಇಂಥ ಸಿನಿಮಾ ತೋರಿಸಬಹುದಾ? ಕಾನೂನು ತೊಂದರೆ ಇದೆಯಾ?
(ಸಂಘದ ಕಾರ್ಯದರ್ಶಿ, ಪೊನ್ನಂಪೇಟೆ)

ಉತ್ತರ: ಶಾಲೆಗೂ ಸಂಘಕ್ಕೂ ವ್ಯತ್ಯಾಸ ಇದೆ. ಶಾಲೆಯೊಳಗೆ, ಅಲ್ಲಿನ ಮಕ್ಕಳು, ಶಿಕ್ಷಕರು, ಪೋಷಕರಿಗೆ ಮಾತ್ರ ತೋರಿಸಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತೆ. ಊರವರಿಗೆಲ್ಲ ಅಂದರೆ ಹಕ್ಕು ಇರುವವರ ಅನುಮತಿ ಬೇಕು, ಸೆನ್ಸಾರ್ ಸರ್ಟಿಫಿಕೇಟ್ ಕೂಡ ನೋಡಬೇಕು. ಮೊಬೈಲಿನ ಚಂದಾದಾರಿಕೆ ಮನೆಯವರು ನೋಡಲು ಮಾತ್ರ. ಫ್ರೆಂಚ್, ಜರ್ಮನ್ ಸಿನಿಮಾಗಳಿಗೆ ಬೆಂಗಳೂರಿನ ಅಲಯನ್ಸ್ ಫ್ರಾನ್ಸೇಸ್ ಮತ್ತು ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಬರೆದು ಕೇಳಿ ನೋಡಿ. ಯುಪಿಎಸ್ ಇಟ್ಟುಕೊಳ್ಳಿ. ಕರೆಂಟ್ ಹೋಗುವುದು ಸರಿಯಾಗಿ ಕೊನೇ ಹತ್ತು ನಿಮಿಷಕ್ಕೇ.

ಪ್ರಶ್ನೆ: ನಿಮ್ಮ ಅಂಕಣ ಓದಿ ನನಗೂ ಏನಾದರೂ ಮಾಡಬೇಕು ಅನ್ನಿಸಿದೆ. ಸಿನಿಮಾ ಮಾಡಲು ನನ್ನ ಹತ್ತಿರ ಮೊಬೈಲ್ ಬಿಟ್ಟು ಏನೂ ಇಲ್ಲ.
(ಪಿಯುಸಿ ವಿದ್ಯಾರ್ಥಿನಿ, ಕುಶಾಲನಗರ)

ಉತ್ತರ: ಮೊಬೈಲ್ ಸಾಕು ಕಣಮ್ಮಾ. ಸೇತುವೆ ದಾಟಿದರೆ ಬೈಲಕುಪ್ಪೆ. 1961ರಿಂದ ಟಿಬೆಟಿನವರು ಅಲ್ಲಿದ್ದಾರೆ. ನಿಮ್ಮ ಪೇಟೆಗೆ ತರಕಾರಿಗೆ ಬರುವ ಅಜ್ಜ ಅಜ್ಜಿಯರಲ್ಲಿ 1959ರ ನಂತರ ಹಿಮಾಲಯವನ್ನು ನಡೆದೇ ದಾಟಿ ಬಂದವರು ಇನ್ನೂ ಕೆಲವರಿದ್ದಾರೆ. ಅವರ ಕಥೆ ಬೇರೆ, ಯಹೂದಿಗಳ ಕಥೆ ಬೇರೆ, ಎರಡನ್ನೂ ಒಂದು ಮಾಡಬೇಡ. ಆದರೆ ಕೇಳುವ ರೀತಿ ಒಂದೇ. ಬದುಕಿ ಉಳಿದ ಯಹೂದಿಗಳ ಮಾತನ್ನು ಕ್ಯಾಮೆರಾದಲ್ಲಿ ಹಿಡಿದಿಡುವ ಕೆಲಸ ಅಮೆರಿಕದಲ್ಲಿ 1994ರಲ್ಲಿ ದೊಡ್ಡದಾಗಿ ಶುರುವಾಯಿತು. ಈಗ ಅಲ್ಲಿ 50 ಸಾವಿರಕ್ಕೂ ಜಾಸ್ತಿ ಜನರ ಮಾತಿದೆ. ಅವರೂ ಒಬ್ಬೊಬ್ಬರ ಮುಂದೆ ಕೂತೇ ಕೇಳಿದ್ದು.

ಮೊದಲ ದಿನ ಮೊಬೈಲ್ ತೆಗೆಯಬೇಡ. ಹೇಳಲು ಇಷ್ಟ ಇದೆಯಾ ಅಂತ ಕೇಳು. ಇಲ್ಲ ಅಂದರೆ ಚಹಾ ಕುಡಿದು ಬಾ. ಉಪ್ಪು ಬೆಣ್ಣೆ ಹಾಕಿದ ಚಹಾ, ಮೊದಲ ಗುಟುಕಿಗೆ ಮುಖ ಹಿಂಡಬೇಡ. ಹೌದು ಅಂದರೆ ಅವರ ಮೊಮ್ಮಕ್ಕಳಲ್ಲಿ ಕನ್ನಡ ಬರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೋ. ಅವರು ಅತ್ತರೆ ಕ್ಯಾಮೆರಾ ಹತ್ತಿರ ತರಬೇಡ, ಆಫ್ ಮಾಡು. ಮುಗಿದ ಮೇಲೆ ಬೇರೆ ಯಾರಿಗೂ ತೋರಿಸುವ ಮೊದಲು ಅವರಿಗೇ ತೋರಿಸು. ಮತ್ತೆ, ಅವರ ಹೆಸರು ಅವರ ಬಾಯಲ್ಲಿ ಹೇಗೆ ಬರುತ್ತೋ ಹಾಗೇ ಬರೆದುಕೋ, ಎರಡು ಸಲ ಕೇಳಬೇಕಾಗಿ ಬಂದರೂ ಸರಿ.